ಎರಡು ಸೌಟು ಪಾಯಸ

ಕಾಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಬಿರಿಯಾನಿ ಪಾತ್ರೆಯ ಮುಚ್ಚಳ ಬಿದ್ದು ಹೋದ ಉಗುರು ಮತ್ತೆ ಬೆಳೆಯಲಿಲ್ಲವಂತೆ. ಆ ಜಾಗ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ನಯವಾಗಿ ಹೊಳೆಯುತ್ತಿತ್ತು.

ಗಲ್ಫಿನ ಫಹಾಹೀಲ್‌ನ ನಮ್ಮ ಮೆಸ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅಡುಗೆ ಮಾಡಿದ ಬ್ಯಾರಿ ಅವರು. ನಾನು ಕ್ರಿಸ್ತುವ, ವಯಸ್ಸಿನಲ್ಲಿ ಅವರಿಗಿಂತ ಐದಾರು ವರ್ಷ ಚಿಕ್ಕವ. ಮಂಗಳೂರು ಕಡೆಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು.

ಸಬ್ಹಾನ್‌ನಲ್ಲಿ ನಾನಿದ್ದ ಕಂಪೆನಿ ಮುಚ್ಚಿದಾಗ ವೀಸಾ ಕೊಟ್ಟ ಕಫೀಲ್ ಫೋನ್ ಎತ್ತುವುದನ್ನು ಬಿಟ್ಟ. ಇಕಾಮಾ ಎಂಬ ವಾಸದ ಪರವಾನಗಿ ಮುಗಿದಿತ್ತು, ಮೈಯಲ್ಲಿ ಜ್ವರ. ಕಾಕ ನನ್ನನ್ನು ತಮ್ಮ ಕೋಣೆಗೆ ಕರೆತಂದರು. ಅಲ್ಲಿದ್ದದ್ದು ಮೂರು ಮಂಚ, ನಾನು ನಾಲ್ಕನೆಯವ. ಉಳಿದಿಬ್ಬರ ಮುಖ ಸಣ್ಣದಾಯಿತು. ಕಾಕ ನಾಲ್ಕು ಬೆಂಕಿಕಡ್ಡಿ ತೆಗೆದು, ಒಂದನ್ನು ಮುರಿದು, ತುದಿಗಳು ಸಮನಾಗಿ ಕಾಣುವಂತೆ ಮುಷ್ಟಿಯಲ್ಲಿ ಹಿಡಿದರು. ಗಿಡ್ಡ ಕಡ್ಡಿ ಬಂದವನು ನೆಲಕ್ಕೆ. ಮೊದಲು ಎಳೆದವನು ನಾನು. ಮುಟ್ಟಿದ ಕಡ್ಡಿ ಬರಲೇ ಇಲ್ಲ.

"ಬೇರೆ ಎಳಿ ಮಾರಾಯಾ, ಅದಕ್ಕೆ ನಿನ್ನ ಮೇಲೆ ಮನಸ್ಸಿಲ್ಲ" ಎಂದರು.

ಬೇರೆಯದನ್ನು ಎಳೆದೆ. ಉದ್ದದ್ದು ಬಂತು. ಕೊನೆಗೆ ಗಿಡ್ಡದ್ದು ಉಳಿದದ್ದು ಅವರ ಕೈಯಲ್ಲೇ. ನನಗೆ ಹೊಸ ಕೆಲಸ ಸಿಗುವವರೆಗೆ, ಎರಡು ತಿಂಗಳು, ಕಾಕ ನೆಲದಲ್ಲಿ ಮಲಗಿದರು. ಆ ಹೆಬ್ಬೆರಳು ಗಿಡ್ಡ ಕಡ್ಡಿಯನ್ನು ಒತ್ತಿ ಹಿಡಿದಿತ್ತೆಂದು ನನಗೆ ಹೊಳೆದದ್ದು ವರ್ಷಗಳ ಮೇಲೆ. ಕೇಳಿದರೆ, "ಎಂತದಾ ನಿನ್ನ ಹಳೇ ಕಥೆ? ಕೂತು ನೀರುಳ್ಳಿ ಸುಲಿ" ಎಂದು ಬಾಯಿ ಮುಚ್ಚಿಸಿದರು.

ಅವರ ಮಗಳು ನರ್ಸ್ ಆಗಿ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣ ಸೇರಿದಳು. ಆಮೇಲೆ ನನ್ನ ಮಗ, ಸೊಸೆ ಅದೇ ಪಟ್ಟಣಕ್ಕೆ ಹೋದಾಗ ಬಾಡಿಗೆ ಮನೆ ಹುಡುಕಿಕೊಟ್ಟವಳೂ ಅವಳೇ. ಒಂದು ವರ್ಷ ಅವಳು ಅಲ್ಲಿನ ಕೌನ್ಸಿಲ್ ಚುನಾವಣೆಗೆ ನಿಂತಳು. ನಮ್ಮ ಊರಿನ ಪುರಸಭೆ ಇದ್ದ ಹಾಗೆ. ಕಾಕ ಸೌಟು ಹಿಡಿದುಕೊಂಡೇ ಮೆಸ್ಸಿನಲ್ಲೆಲ್ಲ ಸುದ್ದಿ ಹೇಳಿದರು.

"ನನ್ನ ಜನ್ಮದಲ್ಲಿ ಒಂದು ವೋಟು ಹಾಕಿದವನಲ್ಲ ನಾನು. ಇಲ್ಲಿ ನಮಗೆ ವೋಟಿಲ್ಲ, ಊರಲ್ಲಿ ವೋಟಿನ ದಿನ ನಾನಿಲ್ಲ. ಈಗ ನೋಡಿ, ಮಗಳ ಹೆಸರೇ ಚೀಟಿಯಲ್ಲಿ ಉಂಟು!"

"ಗೆದ್ದರೆ ನೀವು ಯಾರು ಕಾಕ, ಕೌನ್ಸಿಲರ್ ಬಾಪನಾ?" ಎಂದು ಯಾರೋ ಕಾಲೆಳೆದರು.

"ಗೆದ್ದರೆ ಈ ಸೌಟು ಖಲಾಸ್. ಅವಳು ಕುರ್ಚಿಯಲ್ಲಿ ಕೂರುವುದನ್ನು ನೋಡ್ಲಿಕ್ಕೆ ಹೋಗ್ತೇನೆ."

ಮಾರ್ಕೆಟ್ಟಿಗೆ ಹೋಗಿ ಉಣ್ಣೆಯ ಕೋಟು ತಂದರು. ಪ್ಲಾಸ್ಟಿಕ್ ಹೊದಿಸಿದ ಆ ಕೋಟು ಅಕ್ಕಿಮೂಟೆಗಳ ಮೇಲೆ ಮೊಳೆಗೆ ತೂಗಾಡುತ್ತಿತ್ತು.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು. ಡಿಗ್ರಿ ಓದಿದ ನನ್ನ ಮಗ ಅಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸದಲ್ಲಿದ್ದ. ಆ ಕೋಟನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಭಾರತದ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ವೋಟು ಹಾಕಬಹುದು ಎಂದು ಮಗನೇ ಫೋನಿನಲ್ಲಿ ಹೇಳಿದ. ಅವನೂ ಸೊಸೆಯೂ ಹೆಸರು ನೋಂದಾಯಿಸಿದ್ದರು.

ನಾನು ಅಂದೆ: "ಮೆಸ್ಸಿನ ಅಡುಗೆಯವನ ಮಗಳಿಗೆ ನಾವು ವೋಟು ಹಾಕಿ ಸಲಾಮು ಹೊಡೆಯಬೇಕಾ? ಸುಮ್ಮನೆ ಮನೆಯಲ್ಲಿ ಕೂತುಕೊಳ್ಳಿ."

"ಅಪ್ಪಾ, ಅವಳು ನಮಗೆ..." ಎಂದ. ನಾನು ಫೋನ್ ಇಟ್ಟೆ.

ಎಣಿಕೆ ಶುಕ್ರವಾರ. ಇಲ್ಲಿ ರಜೆ, ಮೆಸ್ಸು ತುಂಬಿತ್ತು. ಕಾಕ ಬೆಳಿಗ್ಗೆಯೇ ಪಾಯಸಕ್ಕೆ ಇಟ್ಟಿದ್ದರು. ಊಟದ ಹೊತ್ತಿಗೆ ಮಗಳ ಫೋನ್ ಬಂತು. ಅವಳಿಗೂ ಎದುರಾಳಿಗೂ ವೋಟು ಸರಿಸಮ. ಮತ್ತೆ ಎಣಿಸಿದರು, ಆಗಲೂ ಸಮ. ಕೊನೆಗೆ ಅಲ್ಲಿನ ಕಾನೂನಿನ ಪ್ರಕಾರ ಅಧಿಕಾರಿ ಚೀಟಿ ಎತ್ತಿದ. ಅವಳ ಹೆಸರು ಬರಲಿಲ್ಲ.

ಕಾಕ ಒಲೆಯ ಉರಿ ತಗ್ಗಿಸಿದರು. "ಕಡ್ಡಿ ಹಿಡಿಯಲಿಕ್ಕೆ ನಾನು ಅಲ್ಲಿರಬೇಕಿತ್ತು" ಎಂದು ನಕ್ಕರು. "ಯಲ್ಲಾ, ಬನ್ನಿ, ಕೂತುಕೊಳ್ಳಿ, ಪಾಯಸ ತಣಿಯುತ್ತದೆ" ಎಂದು ತಾವೇ ಬಡಿಸಿದರು.

ನನ್ನ ಬಟ್ಟಲಿಗೆ ಎರಡು ಸೌಟು ಹಾಕಿದರು. "ನಿನ್ನ ಮಗನದ್ದೊಂದು, ಸೊಸೆಯದ್ದೊಂದು."

ಬಡಿಸಿದ ಮೇಲೂ ಅಲ್ಲೇ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಎರಡು ಸೌಟನ್ನೂ ತಿಂದೆ.

"ಸೋತರೂ ಬನ್ನಿ ಬಾಪ" ಎಂದು ಮಗಳು ಅತ್ತಳಂತೆ. ಮುಂದಿನ ಸಲ ಗೆದ್ದಾಗ ಬರುತ್ತೇನೆ ಎಂದರಂತೆ. ಕೋಟು ಮೊಳೆಯಲ್ಲೇ ಉಳಿಯಿತು. ಮುಂದಿನ ಸಲ ಬರುವ ಮೊದಲೇ ಕಾಕ ಅಡುಗೆಮನೆಯಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಪ್ರತಿದಿನವೂ ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ. "ನಿನಗೆ ಊಟ ಆಯ್ತಾ?" ಎಂದು ಅವರು ಕೇಳಿದರೆ ಆಯ್ತು ಎಂದು ನೀರಿನ ಬಾಟಲಿ ತುಂಬಿಸಲು ಎದ್ದುಬಿಡುತ್ತಿದ್ದೆ. ಐದನೆಯ ದಿನ ನಾನು ಹೋದಾಗ ಮಂಚ ಖಾಲಿ ಇತ್ತು.

ಮಗಳು ಬಂದಳು. ಇಲ್ಲಿಯೇ ಮಣ್ಣು ಮಾಡಿದೆವು. ಅವಳು ಕೋಟನ್ನು ಮೊಳೆಯಿಂದ ತೆಗೆಯುವಾಗ ನನ್ನಿಂದ ತಡೆಯಲಾಗಲಿಲ್ಲ. "ಮಗಳೇ, ಆ ವೋಟು ನಾನೇ..." ಎಂದೆ.

"ಗೊತ್ತುಂಟು ಅಂಕಲ್. ಯಾರು ವೋಟು ಹಾಕಿದ್ದಾರೆ, ಯಾರು ಇಲ್ಲ ಅಂತ ನಮ್ಮ ಪಕ್ಷದವರು ಬೂತಿನಲ್ಲಿ ಗುರುತು ಮಾಡ್ತಾರೆ. ವೋಟಿನ ದಿನ ಸಂಜೆ ನಾನೇ ನಿಮ್ಮ ಮಗನ ಮನೆ ಬಾಗಿಲು ತಟ್ಟಿದೆ. ಅಪ್ಪ ಬೇಡ ಅಂದಿದ್ದಾರೆ ಅಂತ ಅವನು ತಲೆ ತಗ್ಗಿಸಿ ಹೇಳಿದ. ಆಗಲೇ ಬಾಪನಿಗೆ ಫೋನ್ ಮಾಡಿ ಜಗಳ ಆಡಿದೆ."

"ಏನಂದರು?"

"ಆ ಹುಡುಗನ ಅಪ್ಪನ ಹತ್ತಿರ ಎಂತದೂ ಕೇಳಬೇಡ, ಅವನಿಗೆ ನಾಚಿಕೆ ಆದೀತು ಅಂದ್ರು."

ಅಂದರೆ ಎಣಿಕೆಗೆ ಮೊದಲೇ ಅವರಿಗೆ ಗೊತ್ತಿತ್ತು. ಆ ಎರಡು ಸೌಟು ಬಡಿಸಿ ನಿಂತಾಗ ನಾನು ಬಾಯಿ ಬಿಡುತ್ತೇನೆಂದು ಕಾದಿದ್ದರೋ, ಮೆಸ್ಸಿನವರ ಮುಂದೆ ನನ್ನ ಮಾನ ಉಳಿಸಿದರೋ, ಇನ್ನು ಯಾರನ್ನು ಕೇಳಲಿ? ಸೌಟಿನ ಹಿಡಿಯ ಮೇಲೆ ಆ ಹೆಬ್ಬೆರಳು ಒತ್ತಿಕೊಂಡಿದ್ದದ್ದು ಮಾತ್ರ ಕಣ್ಣಿನಿಂದ ಹೋಗುವುದಿಲ್ಲ. ಆ ದಿನವೂ ಗಿಡ್ಡ ಕಡ್ಡಿ ನನಗೆ ಬರದಂತೆ ಹಿಡಿದಿದ್ದರು.