ರುಜು ಕಲಿಸಿದ ವರ್ಷ

ಐವತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಪೇಟೆಯ ಕೆಲವು ವರ್ತಕರು ಸೇರಿ ನಮ್ಮ ಶಾಲೆಗೆ ಸಹಾಯಧನ ಕೊಟ್ಟರು. ಶಾಲೆ ಬಿಟ್ಟ ಮೇಲೆ, ಅಕ್ಷರ ಬಾರದ ಹೆಂಗಸರಿಗೆ ಒಂದು ಗಂಟೆ ಪಾಠ ಹೇಳಬೇಕೆಂಬುದು ಅವರ ಷರತ್ತು. ಸ್ಲೇಟು, ಬಳಪ, ಪುಸ್ತಕ ಅವರದೇ. ಹೆಡ್‌ಮಾಸ್ಟರು ಆ ಕೆಲಸ ನನಗೆ ವಹಿಸಿದಾಗ ಸಂತೋಷವಾಗಿಯೇ ಒಪ್ಪಿಕೊಂಡೆ.

ಬರುತ್ತಿದ್ದವರಲ್ಲಿ ಒಬ್ಬರು ಮಾಮೂಲ್‌ಪೇಟೆಯಿಂದ ನಡೆದು ಬರುತ್ತಿದ್ದರು. ನಲವತ್ತು ದಾಟಿದ ವಿಧವೆ, ಮಕ್ಕಳಿರಲಿಲ್ಲ. ಗಂಡ ಊದುಬತ್ತಿ ವ್ಯಾಪಾರದಲ್ಲಿ ಕಟ್ಟಿಸಿದ್ದ ಮನೆಯ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ಮೈದುನನ ಸಂಸಾರ. ದಾರಿಯಲ್ಲಿ ಕಂಡ ಅಂಗಡಿ ಬೋರ್ಡಿನ ಅಕ್ಷರಗಳನ್ನು ನೆನಪಿಟ್ಟುಕೊಂಡು ಬಂದು, ಸ್ಲೇಟಿನ ಮೇಲೆ ಗೀಚಿ, ಇದೇನು ಎಂದು ಕೇಳುತ್ತಿದ್ದರು.

ಕಾಗುಣಿತ ಮುಗಿಯುವ ಮುಂಚೆಯೇ ವರ್ತಕರ ಕಾರ್ಯದರ್ಶಿ ಶಾಲೆಗೆ ಬಂದರು. ಯುಗಾದಿಯ ಹೊತ್ತಿಗೆ ದಾನಿಗಳು ನೋಡಲು ಬರುತ್ತಾರೆ, ಹೆಬ್ಬೆಟ್ಟು ಒತ್ತುತ್ತಿದ್ದವರೆಲ್ಲ ಅವರೆದುರಿಗೆ ರುಜು ಮಾಡಿದರೆ ಮುಂದಿನ ವರ್ಷವೂ ಸಹಾಯ ಸಿಗುತ್ತದೆ ಎಂದರು. ನಾನು ಪುಸ್ತಕ ಬದಿಗಿಟ್ಟು ಒಬ್ಬೊಬ್ಬರಿಗೂ ಅವರವರ ಹೆಸರನ್ನಷ್ಟೇ ತಿದ್ದಿಸತೊಡಗಿದೆ. ರಂಗೋಲಿ ಎಳೆ ಕಲಿತಂತೆ ಕಲಿತರು. ಮಾಮೂಲ್‌ಪೇಟೆಯ ಆಕೆಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ.

"ಟೀಚರಮ್ಮ, ನನ್ ಹೆಸರು ಬರೀತೀನಿ, ಸರಿ. ಅದೇ ಅಕ್ಷರ ಇನ್ನೊಂದ್ ಕಡೆ ಬಂದ್ರೆ ಗುರ್ತೇ ಸಿಗಲ್ವಲ್ಲ."

"ಮೊದ್ಲು ರುಜು ಬರ್ಲಿ. ಓದೋದು ಆಮೇಲೆ ತಾನಾಗೇ ಬರುತ್ತೆ," ಎಂದೆ. ಹಾಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ದಾನಿಗಳು ಬಂದರು. ಎಲ್ಲರೂ ರುಜು ಮಾಡಿದರು, ಚಪ್ಪಾಳೆಯಾಯಿತು, ಸಹಾಯ ಮುಂದುವರಿಯಿತು. ನನಗೂ ಒಂದು ಹಾರ ಹಾಕಿದರು.

ಬೇಸಿಗೆ ರಜೆ ಮುಗಿದ ಮೇಲೆ ಮಾಮೂಲ್‌ಪೇಟೆಯ ಆಕೆ ಬಹಳ ದಿನ ಬರಲಿಲ್ಲ. ಒಂದು ಸಂಜೆ ಬಂದು, ಉಳಿದವರು ಹೋಗುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದು, ನಡೆದದ್ದನ್ನು ಹೇಳಿದರು. ಕಂದಾಯದ ಕಾಗದವೆಂದು ಮೈದುನ ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದ. ನಮ್ಮ ಅತ್ತಿಗೆ ಶಾಲೆಗೆ ಹೋಗುತ್ತಾರೆ, ಓದುಬರಹ ಬಲ್ಲವರು ಎಂದು ಅಲ್ಲಿ ತಾನೇ ಹೇಳಿದ್ದ. ಇವರು ಹೆಮ್ಮೆಯಿಂದ ರುಜು ಮಾಡಿದ್ದರು. ಅದು ಮನೆಯ ಹಕ್ಕು ಬಿಟ್ಟುಕೊಡುವ ಪತ್ರವಾಗಿತ್ತು.

"ನಮ್ಮೋರು ಹೋದಾಗ ಒಂದ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ. ಆಗ ಪೂರ್ತಿ ಓದಿ ಹೇಳಿದ್ರು. ಈ ಸಲ ರುಜು ಮಾಡಿದ್ನಲ್ಲ, ಯಾರೂ ಓದ್ಲಿಲ್ಲ."

ಅವರು ನನ್ನನ್ನು ದೂರಲಿಲ್ಲ.

ಬಸವನಗುಡಿಯಲ್ಲಿ ನಮ್ಮ ತಂದೆಗೆ ಪರಿಚಯದ ವಕೀಲರಿದ್ದರು. ಅಲ್ಲಿಗೆ ಕರೆದುಕೊಂಡು ಹೋದೆ. ರುಜು ನಿಮ್ಮದೇನಾ ಎಂದು ಅವರು ಕೇಳಿದರೆ, ಈಕೆ ಕೂಡಲೇ ಹೌದು, ನನ್ನದೇ ಎಂದುಬಿಟ್ಟರು. ದಾವೆ ಹಾಕಬಹುದು, ಆದರೆ ವರ್ಷಗಟ್ಟಲೆ ಎಳೆಯುತ್ತದೆ, ಶಾಲೆಯ ದಾಖಲೆಯೂ ಎದುರಾಳಿಯ ಪರವಾಗಿಯೇ ಇದೆ ಎಂದರು ವಕೀಲರು. ದಾನಿಗಳಿಗೆ ತೋರಿಸಲು, ಓದುಬರಹ ಬಲ್ಲವರು ಎಂದು ಆ ದಾಖಲೆಯಲ್ಲಿ ಬರೆದವಳು ನಾನೇ. ಗಂಡನ ತಮ್ಮನ ಮೇಲೆ ಕೋರ್ಟಿಗೆ ಹೋಗಲು ಅವರಿಗೂ ಮನಸ್ಸಿರಲಿಲ್ಲ. ಆಗಿನ್ನೂ ಬೆಳೆಯುತ್ತಿದ್ದ ಹನುಮಂತನಗರದಲ್ಲಿ, ತಂಗಿಯ ಮನೆಯ ಪಕ್ಕದ ಒಂದು ಕೋಣೆಗೆ ಹೋದರು.

ಇನ್ನು ಮುಂದೆ ಓದು ಬಂದ ಮೇಲೆಯೇ ರುಜು ಕಲಿಸುತ್ತೇನೆಂದು ನಾನು ಕಾರ್ಯದರ್ಶಿಗೆ ಹೇಳಿದೆ. ದಾನಿಗಳಿಗೆ ಕಣ್ಣಿಗೆ ಕಾಣುವಂಥದ್ದು ಬೇಕಮ್ಮ ಎಂದರು. ಮಾರನೆಯ ವರ್ಷ ಸಹಾಯ ಬೇರೆ ಶಾಲೆಗೆ ಹೋಯಿತು. ನಮ್ಮ ತರಗತಿ ನಿಂತಿತು. ನಾನು ಭಾನುವಾರ ಹನುಮಂತನಗರಕ್ಕೆ ಹೋಗಿ ಅವರೊಬ್ಬರಿಗೇ ಪಾಠ ಹೇಳತೊಡಗಿದೆ.

ವರ್ಷ ಕಳೆಯುವುದರೊಳಗೆ ಅಕ್ಷರ ಕೂಡಿಸಿ ಓದುವಷ್ಟಾದರು. ಒಂದು ದಿನ ಟ್ರಂಕಿನಿಂದ ಆ ಪತ್ರದ ನಕಲು ತೆಗೆದು ಚಾಪೆಯ ಮೇಲೆ ಹರಡಿದರು. ನಾನು ಓದಿ ಹೇಳಲು ಹೋದರೆ ಬೇಡವೆಂದರು. ಬೆರಳಿಟ್ಟುಕೊಂಡು, ತಡೆದು ತಡೆದು, ಮಧ್ಯಾಹ್ನ ಪೂರ್ತಿ ಓದಿದರು. ಕೊನೆಯ ಸಾಲು, ಓದಿಕೊಂಡು, ಅರ್ಥ ಮಾಡಿಕೊಂಡು, ಮನಃಪೂರ್ವಕವಾಗಿ ರುಜು ಮಾಡಿರುತ್ತೇನೆ ಎಂದಿತ್ತು. ಅದನ್ನು ಎರಡು ಸಲ ಓದಿದರು.

"ಇವತ್ತಿಗೆ ಸಾಕು, ಟೀಚರಮ್ಮ," ಎಂದು ಕಾಗದ ಮಡಿಚಿದರು.