ಹಾಜರಿಗೆ ನಿಂತ ದಿಬ್ಬಣ

ಮೊನ್ನೆ ಅಟ್ಟದ ಮೇಲಿಂದ ಹಳೆಯ ಹಿತ್ತಾಳೆ ಸ್ಟೌ ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆ. ಸೀಮೆಎಣ್ಣೆ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ಹಿಂದೆಯೇ ಎದುರುಮನೆ ಅಣ್ಣ ನೆನಪಾದರು...

ನಾನು ಮದುವೆಯಾಗಿ ತುಮಕೂರಿಗೆ ಬಂದ ಹೊಸತು. ಅಣ್ಣ ಸ್ಟೌ ಕಾರ್ಖಾನೆಯಲ್ಲಿ ಫಿಟ್ಟರ್. ಅರವತ್ತೈದರ ಯುದ್ಧದಲ್ಲಿ ಹಿತ್ತಾಳೆ ಬರುವುದು ನಿಂತು ಕಾರ್ಖಾನೆಯೂ ನಿಂತಿತು. ಆದರೆ ಕೆಲಸಗಾರರನ್ನು ಬರಿಗೈಯಲ್ಲಿ ಮನೆಗೆ ಕಳಿಸುವ ಹಾಗಿರಲಿಲ್ಲ. ಕಾನೂನಿನ ಪ್ರಕಾರ ಅರ್ಧ ಸಂಬಳ ಕೊಡಬೇಕು. ಅದಕ್ಕೆ ಅವರು ದಿನಾ ಎಂಟಕ್ಕೆ ಗೇಟಿಗೆ ಬಂದು ಹಾಜರಿ ಪುಸ್ತಕಕ್ಕೆ ರುಜು ಹಾಕಬೇಕು. ಅಣ್ಣ ಎಂದಿನಂತೆ ಕಾಕಿ ಅಂಗಿ ತೊಟ್ಟು, ಊಟದ ಡಬ್ಬಿ ಸಮೇತ ಸೈಕಲ್ ಹತ್ತುತ್ತಿದ್ದರು. ಒಂಬತ್ತಕ್ಕೆಲ್ಲ ವಾಪಸು ಬಂದು ಅದೇ ಡಬ್ಬಿಯನ್ನು ಜಗಲಿ ಮೇಲೆ ಬಿಚ್ಚುವರು.

"ಡ್ಯೂಟಿ ಭಾರೀ ಆಯ್ತೇನೋ ಪಾಪ!" ಎಂದು ಅವರ ಹೆಂಡತಿ ಛೇಡಿಸುತ್ತಿದ್ದರು.

ಅಷ್ಟರಲ್ಲಿ ಕುಣಿಗಲ್‌ನ ಅವರ ಅಕ್ಕನ ಮಗನಿಗೆ ಗುಬ್ಬಿಯಲ್ಲಿ ಮದುವೆ. ಹತ್ತೂವರೆಗೆ ಮುಹೂರ್ತ. ಬೆಳಗ್ಗೆ ಏಳಕ್ಕೇ ದಿಬ್ಬಣದ ಬಸ್ಸು ತುಮಕೂರಿಗೆ ಬಂದು ನಮ್ಮನ್ನೆಲ್ಲ ಹತ್ತಿಸಿಕೊಂಡಿತು. ಅಣ್ಣ ಅದನ್ನು ಸೀದಾ ಕಾರ್ಖಾನೆ ಗೇಟಿಗೆ ಬಿಡಿಸಿದರು. ಮದುವೆ ಗಂಡಿನ ಅಪ್ಪ ಕೆಂಡವಾದರು.

"ಕೆಲ್ಸಾನೇ ಇಲ್ಲ, ಅದೇನ್ ಹಾಜರಿ ನಿಂದು? ನಿನ್ ರುಜು ಯಾರಾದ್ರೂ ಹಾಕ್ಲಿ ಬುಡು!"

"ಆಗಲ್ಲ ಭಾವ. ಬಂದಿದೀನಿ ಅಂತ ಹಾಕೋ ರುಜು, ಬಂದೇ ಹಾಕ್ಬೇಕು. ಕಳ್ಳರುಜು ಸಿಕ್ಕಾಕ್ಕೊಂಡ್ರೆ ಇರೋ ಕೆಲ್ಸಾನೂ ಹೋಯ್ತದೆ."

ಪುಸ್ತಕ ಹೊರಬರುವುದು ಎಂಟಕ್ಕೇ. ಕಾದೆವು. ಪೇಟ ಸುತ್ತಿದ್ದ ಮದುವೆ ಗಂಡು ಕಿಟಕಿಯಿಂದ ತಲೆ ಹಾಕಿ, "ಮಾವ, ನಂದೂ ಒಂದ್ ಹೆಸ್ರು ಬರೆಸ್ಬುಡು, ಕೆಲ್ಸ ಐತೆ ಅಂತ ಹೆಣ್ಣಿನ ಮನೇಲಿ ಮರ್ಯಾದೆ ಸಿಗ್ತದೆ!" ಎಂದ.

ಕೊನೆಗೂ ಗುಮಾಸ್ತರು ಪುಸ್ತಕ ತಂದರು. ಜರಿ ಪಂಚೆಯ ಅಣ್ಣ ಕಾಕಿ ಅಂಗಿಗಳ ಸಾಲಿನಲ್ಲಿ ನಿಂತರು. ಅವರು ಬಗ್ಗಿ ಪೆನ್ನು ಊರಿದ್ದೇ ತಡ, ಬಸ್ಸಿನಲ್ಲಿದ್ದ ವಾಲಗದವರು ಗಟ್ಟಿಮೇಳ ಬಾರಿಸಿಬಿಟ್ಟರು!

"ಏನಣ್ಣ, ಪುಸ್ತಕಕ್ಕೇ ತಾಳಿ ಕಟ್ತಿದೀಯಾ?" ಅಂದರು ಗುಮಾಸ್ತರು. ಸಿಡುಕುತ್ತಿದ್ದ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಬ್ಬಿಯಲ್ಲಿ ನಿಜವಾದ ಗಟ್ಟಿಮೇಳವೂ ತಪ್ಪಲಿಲ್ಲ.

ನಾಲ್ಕೈದು ತಿಂಗಳಿಗೆ ಹಿತ್ತಾಳೆ ಬಂತು. ಅಣ್ಣನ ಹೆಸರು ಪುಸ್ತಕದಲ್ಲೇ ಇತ್ತು, ಕಾರ್ಖಾನೆಯಲ್ಲಿ ಅವರ ಜಾಗವೂ ಉಳಿದಿತ್ತು. ಮತ್ತೆ ಶುರುವಾದ ಮೇಲೆ ಅವರು ಕೈಯಾರೆ ಜೋಡಿಸಿದ ಮೊದಲ ಸ್ಟೌ ನಮ್ಮ ಮನೆಗೆ ಬಂತು... ಇದೇ.

ಉಜ್ಜಿದ ಮೇಲೆ ಪಂಪು ಒತ್ತಿ ನೋಡಿದೆ. ಗಾಳಿ ನಿಲ್ಲಲಿಲ್ಲ, ವಾಷರ್ ಒಣಗಿತ್ತು. "ಅಣ್ಣಾ" ಎಂದು ಕೂಗಲು ಎದುರುಮನೆ ಕಡೆ ತಿರುಗಿಯೂಬಿಟ್ಟೆ. ಅವರು ಹೋಗಿ ಆಗಲೇ ಎರಡು ವರ್ಷ.

ಸ್ಟೌ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಉರಿಯದಿದ್ದರೇನು, ದಿನಾ ಬೆಳಗ್ಗೆ ಎಂಟಕ್ಕೆ ಒರೆಸಿ ಅಡುಗೆಮನೆ ಕಟ್ಟೆಯ ಮೇಲೆ ಹಾಜರಿಗೆ ನಿಲ್ಲಿಸುತ್ತೇನೆ.