ಮನಸ್ಸು ಮಾತ್ರ

...ಶುಂಠಿ ಕಾಫಿಯೇ ಇರಬೇಕು. ಅಲ್ಲ, ಬರೀ ಟೀ ಎನ್ನುತ್ತಾರೆ ನನ್ನ ಗಂಡ. ಇಬ್ಬರೂ ಅದೇ ಜಗುಲಿಯ ಮೇಲೆ ಕೂತಿದ್ದೆವು, ಒಂದೇ ತಟ್ಟೆಯಿಂದ ಲೋಟ ಎತ್ತಿಕೊಂಡೆವು. ಆದರೂ ನೆನಪು ಬೇರೆ ಬೇರೆ. ಮೊನ್ನೆ ಕೊಳ್ಳೇಗಾಲದಲ್ಲಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಾಗ ಯಾರೋ ಒಣಶುಂಠಿ ಪುಡಿ ಮಾಡಿಸುತ್ತಿದ್ದರು. ಆ ಘಾಟಿಗೆ ನಮ್ಮೂರ ಚರ್ಚಿನ ಉಪದೇಶಿಗಳ ಜಗುಲಿ ಎದುರಿಗೆ ಬಂತು. ಬಂದದ್ದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು... ಈಗ ಬಿಡಿಸಲಾರೆ.

ರಾಮಾಪುರದ ಆಚೆ, ಕಾಡಂಚಿನ ನಮ್ಮೂರಿನ ಚರ್ಚಿಗೆ ಫಾದರ್ ಭಾನುವಾರ ಮಾತ್ರ ಬರುತ್ತಿದ್ದರು. ಉಳಿದಂತೆ ಜಪ ಹೇಳಿಸುವುದು, ಮದುವೆ ನಿಶ್ಚಯವಾದವರನ್ನು ಕೂರಿಸಿಕೊಂಡು ಬುದ್ಧಿ ಹೇಳುವುದು ಎಲ್ಲ ಉಪದೇಶಿಗಳದೇ. ಅವರು ಮುಖ್ಯವಾಗಿ ಎರಡು ಮಾತು ಕಲಿಸುತ್ತಿದ್ದರು. ಗಂಡ ಹೆಂಡತಿ ಒಂದೇ ದೇಹ, ಏನನ್ನೂ ಮುಚ್ಚಿಡಬಾರದು. ಪರರ ಮೇಲೆ ಆಸೆಪಟ್ಟರೂ ಸಾಕು, ಯೇಸುಸ್ವಾಮಿ ಹೇಳಿದಂತೆ ಮನಸ್ಸಿನೊಳಗೆ ವ್ಯಭಿಚಾರ ಆಗಿಹೋಯಿತು. ಕೊನೆಗೆ ಬೈಬಲ್ ಮುಚ್ಚಿ, "ಇದುವರ್ಗೂ ಒಬ್ರಿಗೊಬ್ರು ಏಳ್ದೇ ಇರದ ಒಂದ ಈಗ್ಲೇ ಏಳ್ಬುಡಿ" ಎನ್ನುತ್ತಿದ್ದರು. ಬೇರೆ ಯಾವ ಚರ್ಚಿನಲ್ಲೂ ಈ ಪದ್ಧತಿ ಇದ್ದದ್ದು ನಾನು ಕಾಣೆ.

ನಮ್ಮ ಸರದಿ ಬಂದಾಗ, ಎಸೆಸೆಲ್ಸಿ ಫೇಲಾದದ್ದನ್ನು ನಾನು ಹೇಳಿದೆ. ಬೀಡಿ ಸೇದುತ್ತೇನೆ ಎಂದರು ನನ್ನನ್ನು ಮದುವೆಯಾಗಲಿದ್ದವರು.

"ಅದು ವಾಸ್ನೇಲೇ ಗೊತ್ತಾಯ್ತದೆ ಕನಪ್ಪ, ಬ್ಯಾರೆದ್ ಏಳು" ಎಂದು ಉಪದೇಶಿಗಳ ಹೆಂಡತಿ ಲೋಟಗಳ ತಟ್ಟೆ ಹಿಡಿದು ನಗುತ್ತಾ ಬಂದರು.

ಇವರು ಬಿಡಲಿಲ್ಲ. "ನೀವೂ ಒಂದ್ ಏಳಿ ಅಮ್ಮ. ನಮ್ಗ್ ಮಾತ್ರನಾ ಈ ಸಿಕ್ಸೆ?"

"ಏಳನಾ?" ಎಂದು ಆ ಅಮ್ಮ ಗಂಡನನ್ನು ನೋಡಿದರು.

"ಏಳು. ಏನದೆ ಅದ್ರಲ್ಲಿ."

"ನೀವು ಕೊಡಗಿನ ತೋಟುಕ್ಕೆ ಕೆಲ್ಸುಕ್ ಓಗಿದ್ರಲ್ಲ, ಆಗ ನನ್ ಮನ್ಸು ಬ್ಯಾರೆಯವ್ರ ಮ್ಯಾಲೆ ಓಗಿತ್ತು. ಆಮೇಲೆ ನಾನೇ ತಿರುಗುಸ್ಕಂಡೆ."

ಇದರ ನಂತರದ್ದೇ ತೊಡಕು. ಹೋದದ್ದು ಮನಸ್ಸು ಮಾತ್ರ ಎಂಬ ಮಾತೊಂದು ಆ ಜಗುಲಿಯಲ್ಲಿ ಬಂತು. ಆ ಅಮ್ಮನೇ ಅದನ್ನು ಸೇರಿಸಿದರು ಎಂದು ನನ್ನ ನೆನಪು. ಉಪದೇಶಿಗಳು ಕೇಳಿದರು, ಅವರು ಹೂಂ ಅಂದರು ಅಷ್ಟೇ ಎಂದು ನನ್ನ ಗಂಡನ ನೆನಪು. ಉಪದೇಶಿಗಳು ಲೋಟ ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಚರ್ಚಿನ ಕಡೆ ನಡೆದದ್ದರಲ್ಲಿ ಮಾತ್ರ ನಮಗಿಬ್ಬರಿಗೂ ಅನುಮಾನವಿಲ್ಲ.

ಅವರು ಹೆಂಡತಿಯನ್ನು ಬಿಡಲಿಲ್ಲ, ಬೈದದ್ದನ್ನೂ ಯಾರೂ ಕೇಳಲಿಲ್ಲ. ಆದರೆ ನನ್ನ ತಂಗಿಯ ಮದುವೆಯ ಹೊತ್ತಿಗೆ ಆ ಕೊನೆಯ ಪ್ರಶ್ನೆ ನಿಂತುಹೋಗಿತ್ತು. "ಜಪ ಬತ್ತದಾ ಅಂತ ಕೇಳುದ್ರು, ಅಷ್ಟೇಯ ಕನಕ್ಕ. ಅಮ್ಮ ಬಾಗ್ಲಿಗೂ ಬರ್ನಿಲ್ಲ" ಎಂದಳು.

ವರ್ಷಗಳಾದ ಮೇಲೆ ಆ ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತು. ಉಪದೇಶಿಗಳೇ ತಲೆ ಬಾಚಿ, ಗಂಜಿ ಕುಡಿಸಿ, ಎತ್ತಿಕೊಂಡು ಪೂಜೆಗೆ ಕರೆತರುತ್ತಿದ್ದರು. ಆ ಅಮ್ಮ ತೀರಿಕೊಂಡಾಗ ಫಾದರ್ ಪ್ರಸಂಗದಲ್ಲಿ, ದಾಂಪತ್ಯದ ನಿಷ್ಠೆ ಎಂದರೆ ಇದು ಎಂದರು. ಜನ ಕಣ್ಣೊರೆಸಿಕೊಂಡರು.

ಮಣ್ಣು ಹಾಕಿ ಹೊರಟಾಗ ಉಪದೇಶಿಗಳು ಸಮಾಧಿ ತೋಟದ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡರು.

"ಅವ್ವಾ, ನೀನ್ ಅಲ್ಲೇ ಇದ್ದೆ. ಮನ್ಸು ಮಾತ್ರ ಅಂತ ಅವ್ಳಾಗೇ ಏಳುದ್ಲಾ, ಇಲ್ಲಾ ನಾನ್ ಕೇಳಿದ್ಕೆ ಊಂ ಅಂದ್ಲಾ?"

"ಮಾತಾಡ್ತಿದ್ದಾಗ ಅವ್ರುನ್ನೇ ಕೇಳ್ಬೋದಾಗಿತ್ತಲ್ಲ?"

"ಕೇಳಿದ್ರೆ ನಿಜಾನೇ ಏಳ್ತಿದ್ಲು ಕನವ್ವ. ಅದ್ಕೇ ಕೇಳ್ನಿಲ್ಲ."

"ಅವ್ರಾಗೇ ಏಳುದ್ರು" ಎಂದೆ. ಪಕ್ಕದಲ್ಲಿದ್ದ ನನ್ನ ಗಂಡ ನೆಲ ನೋಡಿದರು. ಉಪದೇಶಿಗಳು ನನ್ನನ್ನಲ್ಲ, ಅವರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕೈ ಬಿಟ್ಟರು...

ಈಗ ಉಪದೇಶಿಗಳೂ ಇಲ್ಲ. ಆ ಜಗುಲಿಯಲ್ಲಿದ್ದವರಲ್ಲಿ ಉಳಿದಿರುವುದು ನಾವಿಬ್ಬರೇ, ಅದೂ ಒಪ್ಪದವರು. ಗೇಟಿನ ಬಳಿ ಅಷ್ಟು ಗಟ್ಟಿಯಾಗಿ ಹೇಳಿದ ನನಗೆ, ಆ ನೆನಪು ಅದಕ್ಕೂ ಮೊದಲು ಇತ್ತೋ, ಅವರ ಮುಖ ನೋಡಿ ಆಗ ಹುಟ್ಟಿತೋ ಹೇಳಲಾಗುತ್ತಿಲ್ಲ. ಅವರು ನಂಬಿದರೋ ಇಲ್ಲವೋ, ಅದೂ ತಿಳಿಯದು. ಆ ಅಮ್ಮ ಅಂದು ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ.